ಆಗುಂಬೆ ಘಾಟಿಯಲ್ಲಿ ನನ್ನ ತೋರುಬೆರಳು

ಕೆಲವರಿಗೆ ಬಾಯಿಯಿಂದ ಆಪತ್ತು. ಆಡಬಾರದ್ದನ್ನು ಆಡಿ ನೆಂಟಸ್ತಿಕೆ ಕೆಡಿಸಿಕೊಳ್ಳುತ್ತಾರೆ. ನನ್ನ ಬಾಯಿಯಿಂದ ಈ ಎಪ್ಪತ್ತೊಂದು ವರ್ಷದಲ್ಲಿ ಯಾರಿಗೂ ಕೆಡುಕಾಗಿಲ್ಲ. ನನ್ನ ಆಪತ್ತೆಲ್ಲ ಕೈಯಿಂದ. ಹಾಗೆಂದ ಕೂಡಲೇ ನೀವು ಬೇರೆ ಏನನ್ನೋ ಯೋಚಿಸಬೇಡಿ. ನಾನು ಯಾರ ಮೇಲೂ ಕೈ ಮಾಡಿದವನಲ್ಲ, ಯಾರ ಜೇಬಿಗೂ ಕೈ ಹಾಕಿದವನಲ್ಲ. ಸುಮ್ಮನೆ ಗಾಳಿಯಲ್ಲಿ ಕೈ ಆಡಿಸುತ್ತೇನೆ, ಅಷ್ಟೇ. ಅಷ್ಟಕ್ಕೇ ಕಳೆದ ಬೇಸಿಗೆಯಲ್ಲಿ ಆಗುಂಬೆ ಘಾಟಿಯ ಒಂದು ಬದಿಯ ವಾಹನಗಳೆಲ್ಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು, ಒಬ್ಬ ಮದುಮಗ ತನ್ನ ಆರತಕ್ಷತೆಗೆ ತಾನೇ ಕೊನೆಯ ಅತಿಥಿಯಾಗಿ ಮುಟ್ಟಿದ. ಇದನ್ನು ಹೇಳುವಾಗ ನಾನು ತಲೆ ತಗ್ಗಿಸಬೇಕು. ಆದರೆ ನಿಜ ಹೇಳಿಬಿಡುತ್ತೇನೆ, ನೆನೆದಾಗಲೆಲ್ಲ ನನಗೆ ಹಿಗ್ಗು ತಡೆಯಲಾಗುವುದಿಲ್ಲ. ಯಾಕೆಂದರೆ ಆ ದಿನ ಹನ್ನೆರಡು ಬೈಕುಗಳ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನ ಬೈಕು ಓಡಿಸುತ್ತಿದ್ದವಳು ನನ್ನ ಮೊಮ್ಮಗಳು.

ಈ ಕೈ ಆಡಿಸುವ ಚಾಳಿ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಎರಡು ಸಲ. ಮನೆಯವರೆಲ್ಲ ಗದ್ದೆಗೆ ಇಳಿದರೆ ನಾನೊಬ್ಬ ಭದ್ರಾವತಿಗೆ ಬಂದು, ಕಾಗದನಗರದ ಮಿಲ್ಲಿನಲ್ಲಿ ಖಲಾಸಿಯಾಗಿ ಸೇರಿಕೊಂಡೆ. ಖಲಾಸಿ ಎಂದರೆ ಕ್ರೇನಿನ ಕೊಕ್ಕೆಗೆ ಭಾರ ಕಟ್ಟಿ, ಕೆಳಗೆ ನಿಂತು, ಮೇಲೆ ಕ್ರೇನು ನಡೆಸುವವನಿಗೆ ದಾರಿ ಹೇಳುವವನು. ಹೇಳುವುದು ಅಂದರೆ ಬಾಯಲ್ಲಲ್ಲ. ಕಾಗದದ ಮಿಷನ್ನು ಓಡುವಾಗ ನೀವು ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಅವನು ನಗುತ್ತಾ ತಲೆಯಾಡಿಸುತ್ತಾನೆ, ಬೈದರೂ ಹಾಗೇ. ಆದ್ದರಿಂದ ಮಾತೆಲ್ಲ ಕೈಯಲ್ಲೇ. ತೋರುಬೆರಳನ್ನು ಆಕಾಶಕ್ಕೆ ಮಾಡಿ ಸಣ್ಣಗೆ ತಿರುಗಿಸಿದರೆ ‘ಎತ್ತು’. ನೆಲಕ್ಕೆ ಮಾಡಿ ತಿರುಗಿಸಿದರೆ ‘ಇಳಿಸು’. ಅಂಗೈ ಚಾಚಿದರೆ ‘ನಿಲ್ಲಿಸು’. ನನ್ನ ಕ್ರೇನಿನವನು ಪಳನಿ ಅಂತ, ತಮಿಳಿನವನು. ಇಪ್ಪತ್ತೆರಡು ವರ್ಷ ಅವನು ಮೇಲೆ, ನಾನು ಕೆಳಗೆ. ಬಸುರಿಯನ್ನು ಮಂಚದ ಮೇಲೆ ಮಲಗಿಸಿದ ಹಾಗೆ ಅಷ್ಟು ದೊಡ್ಡ ಕಾಗದದ ಸುರುಳಿಗಳನ್ನು ಇಳಿಸಿದ್ದೇವೆ. ಅವನು ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಎರಡು ಮಾತಾಡಿದ. ಆಗಲೇ ನನಗೆ ಗೊತ್ತಾಗಿದ್ದು ಅವನದು ಹೆಣ್ಣುಮಕ್ಕಳ ಹಾಗೆ ಸಣ್ಣ ದನಿ ಅಂತ. ಅಲ್ಲಿಯವರೆಗೂ ನಾನು ಅವನದು ಗಡಸು ಗಂಟಲು ಎಂದೇ ತಿಳಿದಿದ್ದೆ.

ಈ ಕೈಭಾಷೆ ಮಿಲ್ಲಿನ ಗೇಟಿನಲ್ಲಿ ಉಳಿಯಲಿಲ್ಲ, ನನ್ನ ಜೊತೆಯಲ್ಲೇ ಮನೆಗೆ ಬಂತು. ಅನ್ನಕ್ಕೆ ಸಾರು ಹಾಕುವಾಗ ನಾನು ಬೆರಳನ್ನು ತಟ್ಟೆಯ ಕಡೆ ತಿರುಗಿಸಿದರೆ ನನ್ನ ಹೆಂಡತಿ ಸರೋಜ ಸೌಟು ಇಳಿಸುತ್ತಾಳೆ. ಮದುವೆಯಾದ ಹೊಸತರಲ್ಲಿ ಅವಳು, ‘ರೀ, ನಾನೇನು ನಿಮ್ಮ ಕ್ರೇನಾ?’ ಎಂದು ಕೇಳಿದ್ದಳು. ಆಮೇಲೆ ತಾನೇ ಕಲಿತುಕೊಂಡು, ಈಗ ನನ್ನ ಮಾತು ಜಾಸ್ತಿಯಾದರೆ ಅಂಗೈ ಚಾಚುತ್ತಾಳೆ. ಮನೆಯಲ್ಲಿ ಸರಿ. ಹೊರಗಿನವರಿಗೆ ತಿಳಿಯಬೇಕಲ್ಲ? ಒಂದು ಮದುವೆಯ ಊಟದಲ್ಲಿ ಪಾಯಸದವನು ಬಕೆಟ್ಟು ಹಿಡಿದು ಎಲೆಯ ಮುಂದೆ ನಿಂತ. ಬಾಯಲ್ಲಿ ಹೋಳಿಗೆ. ಬಕೆಟ್ಟು ಎತ್ತಪ್ಪಾ ಅನ್ನುವ ಅರ್ಥದಲ್ಲಿ ಬೆರಳು ಮೇಲೆ ಮಾಡಿ ತಿರುಗಿಸಿದೆ. ಅವನು ಅದನ್ನು ‘ಇನ್ನೊಂದು ಸುತ್ತು’ ಎಂದು ತಿಳಿದು ಬಡಿಸಿದ. ನಾನು ಇನ್ನೂ ಜೋರಾಗಿ ತಿರುಗಿಸಿದೆ. ಅವನು ಇನ್ನೂ ಜೋರಾಗಿ ಬಡಿಸಿದ. ನಾಲ್ಕನೇ ಸೌಟಿಗೆ ಪಕ್ಕದ ಎಲೆಯವರು ‘ಪಾಪ, ಮನೇಲಿ ಸಿಹಿ ಕೊಡಲ್ವೇನೋ’ ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಆವತ್ತೇ ನಾನು ಬುದ್ಧಿ ಕಲಿಯಬೇಕಿತ್ತು. ಪಾಯಸ ಚೆನ್ನಾಗಿತ್ತು, ಕಲಿಯಲಿಲ್ಲ.

ಈಗ ನಾವು ಶಿವಮೊಗ್ಗದ ಆಲ್ಕೊಳದಲ್ಲಿ ಮಗನ ಮನೆಯಲ್ಲಿದ್ದೇವೆ. ಮೊಮ್ಮಗಳು ಸಿಂಚನ ಸವಳಂಗ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಇಪ್ಪತ್ತನಾಲ್ಕು ವಯಸ್ಸು, ನನ್ನ ಭುಜದಷ್ಟು ಎತ್ತರ. ಸ್ವಂತ ಸಂಬಳದಲ್ಲಿ ಒಂದು ಮೋಟಾರ್ ಬೈಕು ತೆಗೆದುಕೊಂಡಿದ್ದಾಳೆ. ಎಮ್ಮೆಯಷ್ಟು ಗಾತ್ರ, ಎಮ್ಮೆಯಷ್ಟೇ ಕಪ್ಪು. ಅದನ್ನು ಅವಳು ಸ್ಟ್ಯಾಂಡಿನಿಂದ ಇಳಿಸುವುದನ್ನು ನೋಡಲು ನಾನು ಬೆಳಿಗ್ಗೆ ಗೇಟಿನ ಬಳಿ ಪೇಪರ್ ಓದುವ ನೆಪದಲ್ಲಿ ನಿಂತಿರುತ್ತೇನೆ. ಪೇಪರು ತಲೆಕೆಳಗಾಗಿತ್ತು ಎಂದು ಸರೋಜ ಎರಡು ಸಲ ಹೇಳಿದ್ದಾಳೆ. ನಾನು ಜೀವನವಿಡೀ ಸೈಕಲ್ಲು ತುಳಿದವನು. ನನ್ನ ವಂಶದಲ್ಲಿ ಇಂಥದೊಂದು ಕೂಸು ಹುಟ್ಟಿ, ಗಡಗಡ ಅನ್ನಿಸಿಕೊಂಡು ಆಲ್ಕೊಳ ಸರ್ಕಲ್ಲು ಸುತ್ತಿ ಹೋಗುವುದನ್ನು ಕಂಡರೆ ಎದೆ ತುಂಬಿ ಬರುತ್ತದೆ. ಕಂಡಕಂಡವರಿಗೆ ‘ಅದು ನಮ್ಮ ಹುಡುಗಿ’ ಅನ್ನುತ್ತೇನೆ. ಹಾಲಿನವನಿಗೆ ಎಷ್ಟು ಸಲ ಹೇಳಿದ್ದೇನೆ ಅಂದರೆ, ಅವನು ಈಗ ನನ್ನನ್ನು ಕಂಡ ಕೂಡಲೇ ‘ಹೌದು, ನಿಮ್ಮ ಹುಡುಗಿ’ ಎಂದು ತಾನೇ ಹೇಳಿ ಹಾಲು ಹಾಕಿ ಹೋಗುತ್ತಾನೆ.

ಅವಳಿದ್ದ ಬೈಕು ಕ್ಲಬ್ಬಿಗೆ ಹಿರಿಯರು ಲೋಕೇಶ್ ಎಂಬವರು, ಟಯರ್ ಅಂಗಡಿ ಇಟ್ಟವರು. ಮೇ ತಿಂಗಳಲ್ಲಿ ಊಟಿ, ಮುನ್ನಾರು ಎಂದು ಆರು ದಿನದ ದೊಡ್ಡ ಸವಾರಿ ಇತ್ತು. ಅದರ ಮುಂದಾಳು ಯಾರು ಅನ್ನುವ ಪ್ರಶ್ನೆಗೆ ಸಿಂಚನ ಕೈ ಎತ್ತಿದ್ದಳು. ಲೋಕೇಶ್, ‘ಮೊದಲು ಆಗುಂಬೆಗೆ ಹೋಗಿ ಬರೋಣ. ನೀನೇ ಲೀಡ್ ಮಾಡು. ನೋಡಣ’ ಎಂದರು. ಅಂದರೆ ಅವಳಿಗೆ ಇದು ಪರೀಕ್ಷೆ. ಅದು ಗೊತ್ತಿದ್ದೂ ನಾನು ಮೂರು ದಿನ ಮುಖ ಸಣ್ಣ ಮಾಡಿಕೊಂಡು ಮನೆಯಲ್ಲಿ ಓಡಾಡಿದೆ. ಕೊನೆಗೆ ಅವಳೇ, ‘ಆಯ್ತು ತಾತ, ಹಿಂದೆ ಕೂತ್ಕೊ. ಆದ್ರೆ ಅಲ್ಲಾಡ್ಬೇಡ’ ಎಂದಳು. ಲೋಕೇಶ್‌ಗೆ ಇದು ಸರಿಬರಲಿಲ್ಲ. ‘ಅಲ್ಲ ಮಾರಾಯ್ತಿ, ಟೆಸ್ಟ್ ರೈಡಿಗೆ ಯಾರಾದ್ರೂ ಅಜ್ಜನ್ನ ಕರ್ಕೊಂಡು ಬರ್ತಾರಾ? ಬರ್ಲಿ, ನಾನು ಬೇಡ ಅನ್ನಲ್ಲ. ಏನಾದ್ರೂ ಎಡವಟ್ಟಾದ್ರೆ ಮಾತ್ರ ಊಟಿಗೆ ಬೇರೆಯವ್ರು ಲೀಡು’ ಎಂದರು. ‘ನಮ್ಮ ತಾತ ಎಡವಟ್ಟು ಮಾಡಲ್ಲ ಸಾರ್’ ಎಂದು ಅವಳು ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ನನಗೆ ಕಣ್ಣಲ್ಲಿ ನೀರು ಬಂತು.

ಹಿಂದಿನ ಸಂಜೆ ನಮ್ಮ ಮನೆಯ ತಾರಸಿಯ ಮೇಲೆ ಹನ್ನೆರಡು ಜನ ಸೇರಿದರು. ಘಾಟಿಯಲ್ಲಿ ಮುಂದಿನವರು ಕೈಸನ್ನೆ ಮಾಡುತ್ತಾರೆ, ಅದನ್ನು ನೋಡಿದವರು ಅದನ್ನೇ ಮಾಡಿ ಹಿಂದಿನವರಿಗೆ ದಾಟಿಸುತ್ತಾರೆ, ಯಾರೂ ಯಾಕೆ ಏನು ಎಂದು ಕೇಳುವ ಹಾಗಿಲ್ಲ ಎಂದೆಲ್ಲ ಸಿಂಚನ ಪಾಠ ಮಾಡಿದಳಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಆಗ ಒಳಗಿನ ಕೋಣೆಯಲ್ಲಿ ಸವಾರಿಯ ಉಡುಪು ಹಾಕಿ ನೋಡುತ್ತಿದ್ದೆ. ಮೊಣಕಾಲಿಗೆ ಕಟ್ಟುವ ಗಟ್ಟಿ ಚಿಪ್ಪುಗಳನ್ನು ಮೊಣಕೈಗೆ ಕಟ್ಟಿಕೊಂಡಿದ್ದರಿಂದ ನನ್ನ ಎರಡೂ ತೋಳು ಮಡಚಲು ಬರುತ್ತಿರಲಿಲ್ಲ. ತೋಳು ಮಡಚದೆ ತೋಳಿನ ಗಂಟು ಬಿಚ್ಚುವುದು ಹೇಗೆ? ಸರೋಜಳನ್ನು ಕರೆಯಬಹುದಿತ್ತು, ಕರೆದರೆ ಅವಳು ಸಾಯುವವರೆಗೂ ಅದನ್ನೇ ಹೇಳುತ್ತಾಳೆ. ನಾನು ಬೆದರುಬೊಂಬೆಯ ಹಾಗೆ ನಿಂತುಕೊಂಡು ಹಲ್ಲಿನಲ್ಲಿ ಪಟ್ಟಿ ಕಚ್ಚಿ ಎಳೆದು ಬಿಡಿಸಿಕೊಂಡು ತಾರಸಿಗೆ ಹೋಗುವ ಹೊತ್ತಿಗೆ ಪಾಠ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದರು.

ಬೆಳಿಗ್ಗೆ ಆರಕ್ಕೆ ಹೊರಟೆವು. ಮುಂದೆ ಸಿಂಚನ ಮತ್ತು ನಾನು, ನಮ್ಮ ಹಿಂದೆ ಒಬ್ಬ ಹಲ್ಲಿನ ಡಾಕ್ಟ್ರು, ಆಮೇಲೆ ಉಳಿದವರು, ಕಟ್ಟಕಡೆಗೆ ಲೋಕೇಶ್. ಹೆಲ್ಮೆಟ್ಟು ನನ್ನ ಕೆನ್ನೆಯನ್ನು ಎಷ್ಟು ಒತ್ತಿತ್ತೆಂದರೆ ತುಟಿ ಮೀನಿನ ಬಾಯಿಯ ಹಾಗೆ ಮುಂದೆ ಬಂದಿತ್ತು. ತೀರ್ಥಹಳ್ಳಿಯಲ್ಲಿ ಇಡ್ಲಿ ತಿನ್ನಲು ಅದನ್ನು ತೆಗೆದಾಗಲೂ ತುಟಿ ಸ್ವಲ್ಪ ಹೊತ್ತು ಹಾಗೇ ಇತ್ತು, ಸಪ್ಲೈಯರು ನಾನು ಶಿಳ್ಳೆ ಹಾಕಲು ಹೊರಟಿದ್ದೇನೆಂದು ಕಾದು ನಿಂತ. ರಸ್ತೆಯ ಪಕ್ಕದಲ್ಲೇ ತುಂಗೆ ಬೇಸಿಗೆಗೆ ಇಳಿದು ಬಂಡೆಗಳ ನಡುವೆ ಹರಿಯುತ್ತಿತ್ತು. ಇಷ್ಟು ಹತ್ತಿರದ ಊರಿನವನಾಗಿ ನಾನು ಒಮ್ಮೆಯೂ ಆಗುಂಬೆ ಘಾಟಿ ಇಳಿದವನಲ್ಲ. ಈಗಲೂ ಇಳಿಯುವಾಗ ಏನೂ ನೋಡಲಿಲ್ಲ ಅನ್ನಿ. ಹದಿನಾಲ್ಕು ತಿರುವನ್ನೂ ಕಣ್ಣು ಮುಚ್ಚಿಕೊಂಡು, ಅವಳ ಬೆನ್ನಿಗೆ ಹೆಲ್ಮೆಟ್ಟು ಒತ್ತಿಕೊಂಡು, ಎರಡೂ ಕೈಯಲ್ಲಿ ಬೆಲ್ಟು ಹಿಡಿದು ಇಳಿದೆ. ಆ ಕೈಗಳು ಹಾಗೇ ಅಂಟಿಕೊಂಡಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೆಬ್ರಿಯಲ್ಲಿ ಊಟ ಮಾಡಿದೆವು. ಮೀನು ಸಾರು ಹೊಟ್ಟೆಗೆ ಬಿದ್ದ ಮೇಲೆ ನನ್ನ ಹೆದರಿಕೆ ಎಲ್ಲಿ ಹೋಯಿತೋ! ವಾಪಸ್ ಘಾಟಿ ಹತ್ತುವಾಗ ಕಣ್ಣು ಬಿಟ್ಟೆ. ಅಬ್ಬಾ, ಅದೇನು ಕಾಡು, ಅದೇನು ಪ್ರಪಾತ, ಮೇಲೆ ನೋಡಿದರೆ ಇನ್ನೂ ಹತ್ತಬೇಕಾದ ರಸ್ತೆ ಪಟ್ಟೆಪಟ್ಟೆಯಾಗಿ ತೂಗುಬಿದ್ದಿತ್ತು. ಕಿವಿಯಲ್ಲಿ ಗಾಳಿ, ಇಂಜಿನ್ನಿನ ಸದ್ದು, ಥೇಟ್ ನಮ್ಮ ಮಿಲ್ಲಿನ ಸದ್ದು. ಆ ಸದ್ದು ಕಿವಿ ತುಂಬಿದ್ದೇ ತಡ, ನಿವೃತ್ತಿಯಾಗಿ ಮಲಗಿದ್ದ ನನ್ನ ಬಲಗೈ ಎದ್ದು ಕೂತಿತು. ಅಷ್ಟು ದೊಡ್ಡ ಗಾಡಿಯನ್ನು, ಅದರ ಮೇಲೆ ನನ್ನನ್ನೂ ಹೇರಿಕೊಂಡು, ನನ್ನ ಮಗುವಿನ ಮಗು ತಿರುವಿನಿಂದ ತಿರುವಿಗೆ ಹತ್ತಿಸುತ್ತಿದ್ದಾಳೆ. ಖಲಾಸಿಯಾದವನು ಸುಮ್ಮನೆ ಕೂರುವುದು ಹೇಗೆ? ತೋರುಬೆರಳನ್ನು ಆಕಾಶಕ್ಕೆ ಮಾಡಿದೆ, ತಿರುಗಿಸಿದೆ. ಎತ್ತು, ನನ ಕಂದಾ, ಎತ್ತು! ಮುಂದಿನ ತಿರುವಿಗೂ ಎತ್ತು, ಅದರ ಮುಂದಿನದಕ್ಕೂ ಎತ್ತು! ಪಳನಿಗೂ ನಾನು ಅಷ್ಟು ಖುಷಿಯಿಂದ ಬೆರಳು ತಿರುಗಿಸಿರಲಿಲ್ಲ.

ಒಂದು ತಿರುವಿನಲ್ಲಿ ಅವಳು ಕೂಗಿದಳು: ‘ತಾತಾ, ನಿನ್ನ ಜಾಕೆಟ್ಟು ಗಾಳಿಗೆ ಉಬ್ಬಿ ಅಡ್ಡ, ಕನ್ನಡಿಯಲ್ಲಿ ಏನೂ ಕಾಣ್ತಿಲ್ಲ. ಹಿಂದೆ ಎಲ್ಲಾ ಬರ್ತಿದಾರಾ?’

ಹಿಂದೆ ಏನೋ ಒಂದು ಗಾಡಿಯ ಸದ್ದು ಕೇಳಿಸಿತು. ತಿರುಗಿ ನೋಡಲು ಹೆಲ್ಮೆಟ್ಟು ಬಿಡಲಿಲ್ಲ. ‘ಬರ್ತಿದಾರೆ, ಬರ್ತಿದಾರೆ, ಸಾಲಾಗಿ ಬರ್ತಿದಾರೆ!’ ಎಂದೆ. ಸಾಲಾಗಿ ಅನ್ನುವುದನ್ನು ಯಾಕೆ ಸೇರಿಸಿದೆನೋ ದೇವರಿಗೇ ಗೊತ್ತು.

ಮೇಲೆ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ನಿಲ್ಲಿಸಿದೆವು. ಹತ್ತು ನಿಮಿಷವಾಯಿತು, ಯಾರೂ ಬರಲಿಲ್ಲ. ಇಪ್ಪತ್ತು ನಿಮಿಷವಾಯಿತು. ಮೊಬೈಲಿಗೆ ಸಿಗ್ನಲ್ಲಿಲ್ಲ. ಬರುಬರುತ್ತಾ ಘಾಟಿಯಿಂದ ಕಾರೂ ಬರುವುದು ನಿಂತಿತು. ನಾನು ಕಡಲೆಕಾಯಿ ಕೊಂಡು ತಿನ್ನುತ್ತಾ, ಮಂಗಗಳಿಗೆ ಬೆನ್ನು ಮಾಡಿ ನಿಂತಿದ್ದೆ. ಸಿಂಚನ ಕಟ್ಟೆಯ ತುದಿಯಿಂದ ಕೆಳಗೆ ಇಣುಕಿ ನೋಡಿ ನನ್ನ ಕಡೆ ಬಂದಳು.

‘ತಾತ, ನೀನು ನಿಜವಾಗ್ಲೂ ಹಿಂದೆ ನೋಡಿದ್ಯಾ?’

‘ನೋಡಿದೆ ಅಂದ್ರೆ... ಕೇಳಿಸ್ಕೊಂಡೆ.’

‘ಕೈಗಿಯ್ ಏನಾದ್ರೂ ಆಡಿಸಿದ್ಯಾ?’

‘ಸ್ವಲ್ಪ.’

‘ಹೆಂಗೆ? ತೋರ್ಸು.’

ಕಡಲೆಕಾಯಿ ಎಡಗೈಗೆ ಹಾಕಿಕೊಂಡು ಬಲಗೈಯಲ್ಲಿ ತೋರಿಸಿದೆ. ಅವಳು ಹಾಗೇ ಕಟ್ಟೆಯ ಮೇಲೆ ಕುಸಿದು ಕೂತಳು. ‘ಅಯ್ಯೋ ತಾತಾ! ಅದು ಎಲ್ಲರೂ ವಾಪಸ್ ತಿರುಗಿ ಅಂತ!’

‘ಛೆ ಛೆ, ಎಲ್ಲಿಯ ವಾಪಸ್ಸು? ಇದು ಎತ್ತು ಕಣೇ. ನೋಡು, ಹಿಂಗೆ. ಬೆರಳು ಮೇಲೆ, ಮಣಿಕಟ್ಟು ಸಡಿಲ...’ ಎಂದು ನಾನು ಸರಿಯಾಗಿ ವಿವರಿಸುತ್ತಿರುವಾಗ ತೀರ್ಥಹಳ್ಳಿ ಕಡೆಯಿಂದ ಬರುತ್ತಿದ್ದ ಒಂದು ಬಿಳಿ ಕಾರು ನಿಧಾನ ಮಾಡಿ, ನನ್ನ ಬೆರಳನ್ನೂ ಪೊಲೀಸರದರ ಹಾಗೆ ಮಿನುಗುವ ಪಟ್ಟಿಯ ಜಾಕೆಟ್ಟನ್ನೂ ನೋಡಿ, ‘ಥ್ಯಾಂಕ್ಸ್ ಸಾರ್’ ಎಂದು ಹೇಳಿ ಬಂದ ದಾರಿಗೆ ತಿರುಗಿಕೊಂಡು ಹೋಯಿತು.

‘ಇಳಿಸು! ಕೈ ಇಳಿಸು!’ ಎಂದು ಸಿಂಚನ ಕಿರುಚಿದಳು. ಇಳಿಸು ಎಂದಿದ್ದಕ್ಕೆ ನನ್ನ ಬೆರಳು ತಾನಾಗಿ ನೆಲದ ಕಡೆ ತಿರುಗಿತು. ಅವಳು ಎರಡೂ ಕೈಯಿಂದ ನನ್ನ ಕೈ ಹಿಡಿದು ಜಾಕೆಟ್ಟಿನ ಜೇಬಿಗೆ ತುರುಕಿದಳು. ‘ತಾತ, ನನ್ನ ಮೇಲಾಣೆ. ಗಾಡಿ ಮೇಲೆ ಇದ್ರೆ ನನ್ನ ಬೆಲ್ಟು, ಇಳಿದ್ರೆ ಜೇಬು. ಮನೆ ಮುಟ್ಟೋವರೆಗೂ ನಿನ್ನ ಕೈ ನನಗೆ ಕಾಣಬಾರದು. ನನ್ನ ಊಟಿ ಹೋಯ್ತು!’ ಎಂದಳು. ಅವಳ ಮೇಲಾಣೆ ಎಂದರೆ ನನಗೆ ಸಾಮಾನ್ಯವೇ? ಆ ಗಳಿಗೆಯಿಂದ ನನಗೆ ಕೈಗಳೇ ಇರಲಿಲ್ಲ.

ಕೆಳಗೆ ಇಳಿದೆವು. ಘಾಟಿ ಖಾಲಿ. ಕೆಳಗಿನಿಂದ ಒಂದು ಗಾಡಿಯಿಲ್ಲ. ತಿರುವಿನ ಮಂಗಗಳು ರಸ್ತೆಯ ನಡುವೆಯೇ ಕೂತು, ಇವತ್ತೇನು ಬಂದ್ ಇದೆಯಾ ಎನ್ನುವ ಹಾಗೆ ನಮ್ಮನ್ನು ನೋಡಿದವು. ಬುಡಕ್ಕೆ ಬಂದರೆ ಅರಣ್ಯ ಇಲಾಖೆಯವರ ಗೇಟು ಹಾಕಿತ್ತು, ಗೇಟಿನಾಚೆ ಜಾತ್ರೆಯಷ್ಟು ಜನ. ಆಗಿದ್ದು ಇಷ್ಟು: ನನ್ನ ಬೆರಳು ಕಂಡ ಹಲ್ಲಿನ ಡಾಕ್ಟ್ರು ತಾನೂ ಬೆರಳು ತಿರುಗಿಸಿ ಗಾಡಿ ತಿರುಗಿಸಿದರು. ಅವರ ಹಿಂದಿನವರು, ಅವರ ಹಿಂದಿನವರು, ಹೀಗೆ ಲೋಕೇಶ್‌ವರೆಗೆ ಹನ್ನೊಂದು ಬೈಕೂ ತಿರುಗಿದವು. ಅವರನ್ನು ಕಂಡು ಕಾರಿನವರು ಏನಾಯಿತು ಎಂದು ಕೇಳಿದರು. ‘ಗೊತ್ತಿಲ್ಲ, ಮೇಲಿಂದ ಆರ್ಡರ್’ ಎಂದು ಇವರು ಹೇಳಿದರು. ಮೇಲಿಂದ ಎಂದರೆ ಬೆಂಗಳೂರಿನಿಂದ ಎಂದು ಕಾರಿನವರು ತಿಳಿದರು. ತೀರ್ಥಹಳ್ಳಿಯಲ್ಲಿ ಆರತಕ್ಷತೆ ಇಟ್ಟುಕೊಂಡಿದ್ದ ಮದುವೆಯ ವ್ಯಾನೂ ತಿರುಗಿತು. ಆರ್ಡರ್ ಇದ್ದ ಮೇಲೆ ಕಾರಣ ಬೇಡವೇ? ಒಬ್ಬರು ಮರ ಬಿದ್ದಿದೆ ಎಂದರು, ಒಬ್ಬರು ಬಂಡೆ ಎಂದರು. ಕೊನೆಗೆ ಯಾರೋ ಆನೆ ಎಂದರು. ಆನೆ ಎಲ್ಲರಿಗೂ ಹಿಡಿಸಿತು. ಮದುಮಗನ ಸೋದರಮಾವ ಅದರ ಘೀಳು ತನ್ನ ಕಿವಿಯಾರೆ ಕೇಳಿದ್ದಾಗಿ ಹೇಳಿದ ಮೇಲೆ ಗೇಟಿನವನು ಗೇಟು ಹಾಕಿದ. ಗೇಟಿನ ಪಕ್ಕದ ಕಬ್ಬಿನಹಾಲಿನವನು ಎರಡನೇ ಹೊರೆ ಕಬ್ಬು ತರಿಸಿದ್ದ.

ಅಂಥ ಆನೆಯ ದಾರಿಯಿಂದ ಒಂದು ಹುಡುಗಿ ಮುದುಕನನ್ನು ಕೂರಿಸಿಕೊಂಡು ಇಳಿದು ಬಂದರೆ ಜನ ಬಿಡುತ್ತಾರೆಯೇ? ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಹೆಂಗಸು ಸಿಂಚನಳ ಕೆನ್ನೆ ಸವರಿ ನೆಟಿಕೆ ಮುರಿದಳು. ‘ಎಷ್ಟಿದ್ವಮ್ಮಾ? ಮರಿ ಇತ್ತಾ?’ ಎಂದು ಸೋದರಮಾವ ಕೇಳಿದ. ಹೂಂ ಅಂದಿದ್ದರೆ ಮುಗಿದಿತ್ತು. ಊಟಿ ಅವಳದು, ಮುನ್ನಾರು ಅವಳದು. ನಾನು ಮನಸ್ಸಿನಲ್ಲೇ ಎರಡು ಆನೆ, ಒಂದು ಮರಿ ಎಂದು ಸಿದ್ಧ ಮಾಡಿಕೊಂಡೂ ಆಗಿತ್ತು. ನನ್ನ ಮೊಮ್ಮಗಳು ಹೆಲ್ಮೆಟ್ಟು ತೆಗೆದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

‘ಯಾವ ಆನೇನೂ ಇಲ್ಲ ಸಾರ್. ನಮ್ಮ ತಾತ.’

ಜನ ನನ್ನನ್ನು ನೋಡಿದರು. ಜೇಬಿನಲ್ಲಿ ಕೈ ಇಟ್ಟುಕೊಂಡು, ತುಟಿ ಮುಂದೆ ಮಾಡಿಕೊಂಡು ನಿಂತಿದ್ದ ನಾನು ಅವರಿಗೆ ಆನೆಯಷ್ಟು ಚಂದ ಕಾಣಲಿಲ್ಲ. ಮಿಲ್ಲು, ಕ್ರೇನು, ಎತ್ತು, ವಾಪಸ್ಸು ಎಲ್ಲವನ್ನೂ ಅವಳು ಬಿಡಿಸಿ ಹೇಳಿದಳು. ‘ತಪ್ಪು ತಾತಂದಲ್ಲ, ನಂದು. ಹಿಂದೆ ಯಾರು ಬರ್ತಿದಾರೆ ಅಂತ ನಾನೇ ನಿಂತು ನೋಡ್ಬೇಕಿತ್ತು’ ಎಂದಳು. ಸೋದರಮಾವ, ‘ಏನ್ರೀ ಇದು, ನಮ್ಮ ಹುಡುಗ ಪೇಟ ಕಟ್ಕೊಂಡು ಬೆವರ್ತಾ ಕೂತಿದಾನೆ, ನಿಮ್ಮ ಕ್ರೇನಿಗಿಷ್ಟು!’ ಎಂದು ರೇಗಿದ. ‘ಹಾಗಾದ್ರೆ ಘೀಳು ಕೇಳಿದ್ದು ಯಾರ್ದು ಮಾವ?’ ಎಂದು ವ್ಯಾನಿನೊಳಗಿಂದ ಮದುಮಗ ಕೇಳಿದ ಮೇಲೆ ಅವನು ಕಬ್ಬಿನಹಾಲು ಕುಡಿಯಲು ಹೋದ.

ಲೋಕೇಶ್ ಕ್ಲಬ್ಬಿನವರನ್ನು ಮರದ ಕೆಳಗೆ ಸೇರಿಸಿದರು. ನನ್ನನ್ನು ಬೈದರೆ ಬೈಯಲಿ, ಬೇಕಾದರೆ ಇಲ್ಲೇ ಬಿಟ್ಟು ಹೋಗಲಿ, ಹುಡುಗಿಯ ಊಟಿ ತಪ್ಪದಿರಲಿ ಎಂದು ಜೇಬಿನೊಳಗೇ ಕೈ ಮುಗಿಯಲು ನೋಡಿದೆ, ಜೇಬು ಎರಡು ಕಡೆ ಇದ್ದುದರಿಂದ ಆಗಲಿಲ್ಲ.

‘ನೋಡ್ರಪ್ಪಾ’ ಎಂದರು ಲೋಕೇಶ್. ‘ಘಾಟಿ ತಿರುವಲ್ಲಿ ಹನ್ನೊಂದು ಗಾಡಿ ತಿರುಗಿಸಿದೀರಿ. ಒಬ್ರಿಗೂ ಒಂದು ಗೀಚು ಆಗಿಲ್ಲ. ಒಬ್ರೂ ಯಾಕೆ ಅಂತ ಕೇಳಿಲ್ಲ. ನಾನು ಎಂಟು ವರ್ಷ ಲೀಡ್ ಮಾಡ್ದೆ ಮಾರಾಯ, ಎಡಕ್ಕೆ ಅಂತ ಕೈ ತೋರ್ಸಿದ್ರೆ ನಾಲ್ಕು ಜನ ಟೀ ಅಂಗಡಿಗೆ ನುಗ್ತಿದ್ರಿ. ಈ ಹುಡುಗಿ ಒಂದೇ ಸಂಜೇಲಿ ನಿಮಗೆ ಹಿಂಗೆ ಕಲಿಸಿದಾಳೆ ಅಂದ್ರೆ... ಮೇಲಾಗಿ ಆನೆ ಅಂತ ಹೇಳಿ ತಪ್ಪಿಸ್ಕೋಬಹುದಿತ್ತು, ಹೇಳ್ಲಿಲ್ಲ. ನನ್ನ ಮಾತು ಮುಗೀತು. ಊಟಿಗೆ ಇವಳೇ ಲೀಡ್ ಮಾಡ್ಲಿ ಅನ್ನೋರು ಕೈ ಎತ್ತಿ.’

ಹಲ್ಲಿನ ಡಾಕ್ಟ್ರು ಎರಡೂ ಕೈ ಎತ್ತಿದರು. ಹನ್ನೊಂದು ಜನರ ಕೈಯೂ ಮೇಲೆ. ಗೇಟಿನವನೂ ಎತ್ತಿದ, ಕಬ್ಬಿನಹಾಲಿನವನಂತೂ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ, ವ್ಯಾನಿನ ಕಿಟಕಿಯಿಂದ ಮದುಮಗನ ಮೆಹಂದಿ ಹಚ್ಚಿದ ಕೈ ಹೊರಗೆ ಬಂತು. ಅಷ್ಟು ಜನರ ನಡುವೆ, ಅವಳನ್ನು ತೊಟ್ಟಿಲಲ್ಲಿ ತೂಗಿದವನು, ಹಾಲಿನವನ ಕಿವಿ ತೂತು ಮಾಡಿದವನು, ಕಣ್ಣಲ್ಲಿ ದಳದಳ ನೀರು ಸುರಿಸುತ್ತಾ ಎರಡೂ ಕೈಯನ್ನು ಜೇಬಿನ ತಳಕ್ಕೆ ಒತ್ತಿ ಹಿಡಿದು ನಿಂತಿದ್ದೆ.

‘ತಾತ, ನಿಮಗೆ ಒಪ್ಪಿಗೆ ಇಲ್ವಾ?’ ಎಂದರು ಡಾಕ್ಟ್ರು.

ನಾನು ಸಿಂಚನಳನ್ನು ನೋಡಿದೆ. ಅವಳು ನನ್ನ ಜೇಬು ನೋಡಿದಳು. ‘ಬೇಡ ತಾತ’ ಎಂದಳು ಮೆಲ್ಲಗೆ, ‘ಹಂಗೇ ಇರ್ಲಿ.’

ಲೋಕೇಶ್ ಮೊಬೈಲು ತೆಗೆದು, ಕ್ಲಬ್ಬಿನ ಎಲ್ಲರಿಗೂ ಕಳಿಸಲು ‘ಸರ್ವಾನುಮತದಿಂದ’ ಎಂದು ಬರೆದರು. ಬರೆದು ಒಮ್ಮೆ ನನ್ನ ಕಡೆ ನೋಡಿದರು. ಶಿಸ್ತಿನ ಮನುಷ್ಯ, ಪಾಪ. ಆ ಪದ ಅಳಿಸಿ, ‘ಬಹುಮತದಿಂದ’ ಎಂದು ಹಾಕಿದರು.